ಶಹ ತಿನ್ನದ ರಾಜ

ಎಂಟನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಮೇಜಿನ ಮೇಲಿದ್ದ ಫೋನು ಗುಂಯ್ ಎಂದಿತು. ನೋಡಿದರೆ, 'ಅಕ್ಕ ನಿಮಗಾಗಿ ಕಾಯುತ್ತಿದ್ದಾರೆ. ಈಗ ನಿಮ್ಮ ಸರದಿ' ಎಂದು ಬರೆದಿತ್ತು. ಅಕ್ಕ ತೀರಿಕೊಂಡು ಆಗಲೇ ತಿಂಗಳು ದಾಟಿತ್ತು. ಸೀಮೆಸುಣ್ಣ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಭೂತವೇನೂ ಅಲ್ಲ. ಹಿಂದಿನ ದಿನ ನಾನೇ ಫೋನಿಗೆ ಇಳಿಸಿಕೊಂಡಿದ್ದ ಚದುರಂಗದ ಆ್ಯಪು. ಆಟಗಾರರ ಹೆಸರು ಹಾಕಿ ಎಂದಿತ್ತು, ಕಪ್ಪು ಕಾಯಿಗೆ 'ನಾನು', ಬಿಳಿ ಕಾಯಿಗೆ 'ಅಕ್ಕ' ಎಂದು ಹಾಕಿದ್ದೆ. ಅರ್ಧಕ್ಕೆ ನಿಂತ ಆಟ ಕಂಡರೆ ನೆನಪಿಸುವುದು ಅದರ ಕೆಲಸವಂತೆ. ಆ ನೆನಪಿಸುವ ಗುಂಡಿಯನ್ನು ಹುಡುಕಿ ಬಂದ್ ಮಾಡಬಹುದಿತ್ತು. ಮಾಡಲಿಲ್ಲ. ಯಾಕೆ ಎಂದು ಕೇಳಿದರೆ ಸಿಟ್ಟು ಬರುತ್ತದೆ.

ಅಕ್ಕ ಶಹಾಬಾದಿನಲ್ಲಿದ್ದಳು, ನಾನು ಸೇಡಂನಲ್ಲಿ. ನಮ್ಮ ಆಟವೆಲ್ಲ ಫೋನಿನ ಧ್ವನಿ ಸಂದೇಶಗಳಲ್ಲೇ ನಡೆಯುತ್ತಿತ್ತು. ದಿನಕ್ಕೆ ಒಂದು ನಡೆ, ಮನಸ್ಸು ಬಂದರೆ ಎರಡು. ಅನ್ನಕ್ಕೆ ಇಟ್ಟು ಬಂದು ಒಂದು ನಡೆ ಹೇಳುವಳು. "ವಜೀರನ ಮುಂದಿನ ಪ್ಯಾದಿ ಒಂದ್ ಮನಿ ಸರಸೀನಿ. ಈಗ ನಿಂದು ಹೇಳು, ಎಷ್ಟ್ ಯೋಚನಿ ಮಾಡ್ತಿ ಮಾಡು" ಎನ್ನುವಳು, ಹಿಂದೆ ಕುಕ್ಕರ್ ಕೂಗುವುದು. ನಮ್ಮ ಭಾಷೆಯಲ್ಲಿ ರಾಣಿಯಿಲ್ಲ, ವಜೀರನೇ. ಬಿಷಪ್ಪನ ಜಾಗದಲ್ಲಿ ಒಂಟಿ, ಅಂದರೆ ಒಂಟೆ. ಕಾಲಾಳಿಗೆ ಪ್ಯಾದಿ, ಚೆಕ್ಕಿಗೆ ಶಹ, ಚೆಕ್‌ಮೇಟಿಗೆ ಮಾತ್.

ಆಟ ಕಲಿಸಿದ್ದು ಅಪ್ಪ, ಚಿತ್ತಾಪುರದ ಮನೆಯ ಅಂಗಳದ ಹಾಸುಗಲ್ಲಿನ ಮೇಲೆ, ಸೀಮೆಸುಣ್ಣದಲ್ಲಿ ಮನೆ ಬರೆದು. ಅವರ ಆಟಕ್ಕೆ ಅವರವೇ ಕಾನೂನು. ಪ್ಯಾದಿ ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ರಾಜನಿಗೆ ಕೋಟೆ ಕಟ್ಟುವುದಿಲ್ಲ, ಅದರ ಬದಲು ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. "ರಾಜಾ ಶಹ ತಿನ್ನೋ ತನಾ ಒಮ್ಮೆ ಕುದುರಿ ಹತ್ತಬೌದು. ಶಹ ತಿಂದ್ನೋ, ಕುದುರಿ ಹೋತು" ಎನ್ನುತ್ತಿದ್ದರು. ಒಮ್ಮೆ ರಾಜನಿಗೆ ಶಹ ಬಿತ್ತೆಂದರೆ ಜಿಗಿಯುವ ಹಕ್ಕು ಮುಗಿಯಿತು. ನಾನು ಅವಸರದವಳು, ನನ್ನ ರಾಜ ಯಾವಾಗಲೂ ಬೇಗನೇ ಶಹ ತಿಂದು ಕೂರುತ್ತಿದ್ದ. ಮುಂದೆ ಶಾಲೆಯ ಮಕ್ಕಳನ್ನು ಸ್ಪರ್ಧೆಗೆ ತಯಾರು ಮಾಡಬೇಕಾಗಿ ಬಂದು, ಪುಸ್ತಕದ ಕಾನೂನೇ ನನ್ನ ಕೈಗೆ ಕೂತುಬಿಟ್ಟಿತು. ಅಕ್ಕನ ಜೊತೆ ಮಾತ್ರ ಅಪ್ಪನ ಆಟ.

ಅವಳಿಗೆ ಹೊಟ್ಟೆಯಲ್ಲಿ ಗಡ್ಡೆ. ಕಲಬುರಗಿಯ ಆಸ್ಪತ್ರೆಯಲ್ಲಿ ಒಂದು ಸಲ ಕೊಯ್ದಿದ್ದರು. ಮತ್ತೊಮ್ಮೆ ಕೊಯ್ಯಬೇಕು, ಆದರೂ ಏನೂ ಹೇಳಲಾಗದು ಎಂದರು ಡಾಕ್ಟರು. ಆ ದಿನ ಬೆಳಿಗ್ಗೆ ಅಕ್ಕ ಭಾವನ ಕೈ ಹಿಡಿದು, "ಮನಿಗಿ ಕರ್ಕೊಂಡ್ ನಡೀರಿ. ಮನ್ಯಾಗ ನಾಕ ದಿನ ಇದ್ರ ಆರಾಮ ಆಗ್ತೀನಿ" ಎಂದಳು. ಭಾವ ಕರೆದುಕೊಂಡು ಬಂದರು. ನಾನು ಸುದ್ದಿ ಕೇಳಿ ಶಹಾಬಾದಿಗೆ ಓಡುವಷ್ಟರಲ್ಲಿ ಅವಳ ಮಾತು ನಿಂತಿತ್ತು. ಎರಡು ದಿನಕ್ಕೆ ಹೋಗಿಬಿಟ್ಟಳು.

ಕೊಡ್ಲಿ ಊರಿಗೆ ಮದುವೆಯಾಗಿ ಹೋದ ಭಾವನ ತಂಗಿ, ಮಣ್ಣು ಮುಗಿಸಿ ಬಂದು ಇನ್ನೂ ಕಾಲು ತೊಳೆದಿಲ್ಲ, ಜನರೆದುರಿಗೇ ಅಂದಳು: "ಅಣ್ಣಾ, ಆಕಿಗಿ ಎಲ್ಲಿ ಎಚ್ಚರಿತ್ತು? ಡಾಕ್ಟರ್ ಕೊಯ್ಬೇಕಂತಾರ, ಈಕಿ ಮನ್ಯಾಗ ಆರಾಮ ಆಗ್ತೀನಂತಾಳ. ಇದು ತಲಿ ಇದ್ದೋರು ಆಡೋ ಮಾತೇನು? ನೀ ಅದನ್ನ ಕೇಳಿ ಕರ್ಕೊಂಡ್ ಬಂದಿ." ದುಃಖಕ್ಕೆ ಅಂದಿದ್ದಳೋ, ಹೊಟ್ಟೆಕಿಚ್ಚಿಗೋ, ನನಗೆ ತಿಳಿಯದು. ಕಲ್ಲಿಗೆ ಪಾಲಿಶ್ ಮಾಡುವ ಕೆಲಸ ಭಾವನದು, ಮೊದಲೇ ಮಾತು ಕಮ್ಮಿ. ಆ ದಿನದಿಂದ ಇದ್ದಷ್ಟೂ ನಿಂತಿತು.

ಕೆಲವು ದಿನದ ಮೇಲೆ ನನಗೆ ಫೋನು ಮಾಡಿದರು. "ಆ ಮುಂಜಾನಿ ಆಕಿ ಫೋನಿನ್ಯಾಗ ನಿನಗ ಏನೋ ಹೇಳಾಕತ್ತಿದ್ಲು. ವಜೀರ ಅಂತ, ಶಹ ಅಂತ. ಅದು ಮುಗಿಸಿ ನನ್ನ ಕಡಿ ತಿರಗಿ, ಮನಿಗಿ ನಡೀರಿ ಅಂದ್ಳು. ಆ ಆಟ ಸರಿ ಆಡ್ಯಾಳೇನು, ನೋಡಿ ಹೇಳು ತಂಗಿ. ತಲಿ ನೆಟ್ಟಗಿತ್ತಂದ್ರ ನಾ ಮಾಡಿದ್ದು ಸರಿ. ಇಲ್ಲಾಂದ್ರ..." ಎಂದು ಅಲ್ಲಿಗೇ ಬಿಟ್ಟರು.

ನನ್ನ ಸ್ವಂತ ಬುದ್ಧಿಯಿಂದ ಇದನ್ನು ಹೇಳಲು ನನಗೆ ಧೈರ್ಯವಾಗಲಿಲ್ಲ. ನನಗೆ ಬೇಕಾದ ಉತ್ತರ ಯಾವುದೆಂದು ಮೊದಲೇ ಗೊತ್ತಿತ್ತಲ್ಲ. ನಮ್ಮಂಥ ಹವ್ಯಾಸಿಗಳ ಆಟವನ್ನು ಕೂಡ ಬಿಡಿಸಿ ನೋಡುವ ತಂತ್ರಾಂಶಗಳಿವೆ ಎಂದು ಶಾಲೆಯ ಗಣಿತದ ಮಾಸ್ತರು ಹೇಳಿದರು. ಯಂತ್ರಕ್ಕೆ ಅಕ್ಕನೂ ಇಲ್ಲ, ಭಾವನೂ ಇಲ್ಲ, ಇದ್ದದ್ದನ್ನು ಹೇಳುತ್ತದೆ ಎಂದುಕೊಂಡೆ.

ಮಾಸ್ತರು ಮೊದಲು ಹಾಕಿಕೊಟ್ಟದ್ದು ಲ್ಯಾಪ್‌ಟಾಪಿನ ಒಂದು ತಂತ್ರಾಂಶ. ಭಾರಿ ಬುದ್ಧಿವಂತ, ಜಗಜಟ್ಟಿಗಳನ್ನೇ ಸೋಲಿಸುತ್ತದೆ ಎಂದು ಹೊಗಳಿದರು. ಇರಬಹುದು. ನನಗೆ ಕಂಡದ್ದು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಇರುವೆ ಸಾಲು. ಪ್ರತಿ ಮನೆಯ ಹೆಸರನ್ನು ಟೈಪ್ ಮಾಡಬೇಕು. ನಮ್ಮ ಅಕ್ಕ 'ನಿನ್ನ ಕುದುರಿ ಮಗ್ಗಲಿಗಿ' ಎಂದು ಹೇಳಿದ್ದನ್ನು ಆ ಸಾಲಿಗೆ ಇಳಿಸುವಷ್ಟರಲ್ಲಿ ತಲೆ ಚಿಟ್ಟು ಹಿಡಿಯಿತು. ಎರಡನೆಯದು ಫೋನಿನದು, ಪುಕ್ಕಟೆ. ಮೂರು ನಡೆಗೊಮ್ಮೆ ಸೀರೆಯ ಜಾಹೀರಾತು ತೋರಿಸುತ್ತಿತ್ತು. ಅದೂ ಸಾಲದೆಂದು, ಪ್ರತಿ ನಡೆಯನ್ನು ಒಬ್ಬ ಹೆಂಗಸಿನ ಸತ್ತ ದನಿಯಲ್ಲಿ ಓದಿ ಹೇಳುತ್ತಿತ್ತು. ಅಕ್ಕನ ದನಿಯಲ್ಲಿ ಕೇಳಿದ ನಡೆಯನ್ನು ಕೂಡಲೇ ಆ ದನಿ ತಿರುಗಿ ಹೇಳಿತು. ಅಲ್ಲಿಯೇ ಅಳಿಸಿ ಹಾಕಿದೆ.

ಮೂರನೆಯದು, ತರಗತಿಯಲ್ಲಿ ಗುಂಯ್ ಎಂದ ಈ ಆ್ಯಪು, ಸರಿ ಹೊಂದಿತು. ಬೆರಳಲ್ಲಿ ಕಾಯಿ ಎಳೆದರೆ ಸಾಕು. ತಪ್ಪಾದರೆ ಹಿಂದಕ್ಕೆ ಹೋಗುವ ಬಾಣ ಇದೆ. ಪಕ್ಕದಲ್ಲಿ ಒಂದು ಪಟ್ಟಿ, ಯಾರು ಮುಂದಿದ್ದಾರೋ ಅವರ ಬಣ್ಣ ಅದರಲ್ಲಿ ಏರುತ್ತದೆ. ಒಳ್ಳೆಯ ನಡೆಗೆ ಹಸಿರು, ಸಣ್ಣ ತಪ್ಪಿಗೆ ಹಳದಿ, ದೊಡ್ಡ ತಪ್ಪಿಗೆ ಕೆಂಪು. ಕನ್ನಡವೂ ಇತ್ತು, ಕಲಬೆರಕೆ ಕನ್ನಡ, ಆದರೆ ತಿಳಿಯುತ್ತಿತ್ತು. ಹೊಸಬರು ಯಾರಾದರೂ ಕೇಳಿದರೆ ಇಂಥದ್ದನ್ನೇ ಹಾಕಿಕೊಳ್ಳಿ ಎನ್ನುತ್ತೇನೆ, ಈಗಲೂ.

ಸಂಜೆ ಶಾಲೆಯಿಂದ ಬಂದು ಕೂರುತ್ತಿದ್ದೆ. ಅಕ್ಕನ ಒಂದು ಸಂದೇಶ ಕೇಳುವುದು, ಒಂದು ಕಾಯಿ ಎಳೆಯುವುದು. ಮೊದಲ ದಿನಗಳ ದನಿಯಲ್ಲಿ ಪಾತ್ರೆ ಸದ್ದು, ಹಾಲಿನವನ ಕೂಗು. "ನನ್ನ ರಾಜಾ ಇನ್ನಾ ಶಹ ತಿಂದಿಲ್ಲ, ಹುಷಾರಿ ನೋಡವಾ" ಎಂದು ಒಮ್ಮೆ ಛೇಡಿಸಿದ್ದಳು. ಆಮೇಲಿನ ದನಿಗಳು ಆಸ್ಪತ್ರೆಯವು. ಹಿಂದೆ ಚಕ್ರದ ಮಂಚ ಉರುಳುವ ಸದ್ದು, ಮಾತಿನ ನಡುವೆ ಉಸಿರು. ಅಲ್ಲಿ ಅವಳ ಬಳಿ ಹಲಗೆಯಿರಲಿಲ್ಲ, ಎಲ್ಲ ಬಾಯಿಲೆಕ್ಕ. ಕಿವಿಗೆ ಅವಳನ್ನು ಇಟ್ಟುಕೊಂಡು ಕೂತರೆ, ಅಡುಗೆಮನೆಯಲ್ಲಿ ಯಾರೋ ಇದ್ದಾರೆ ಎನಿಸಿ ಎರಡು ಸಲ ಎದ್ದು ನೋಡಿದ್ದೇನೆ. ಹೆದರಿಕೆಯಿಂದಲ್ಲ, ಆಸೆಯಿಂದ.

ಆ್ಯಪು ಒಂದು ನಡೆಗೂ ತಕರಾರು ಮಾಡಲಿಲ್ಲ. ಎಲ್ಲವನ್ನೂ ಒಪ್ಪಿಕೊಂಡು, ಕೊನೆಗೆ ತೀರ್ಪು ಕೊಟ್ಟಿತು. ಅಕ್ಕನ ನಡುವಿನ ನಡೆಗಳಿಗೆ ಸಾಲಾಗಿ ಹಳದಿ. ಸುಮ್ಮನೆ ರಾಜನ ಸುತ್ತ ಕಾಯಿ ಗುಡ್ಡೆ ಹಾಕಿದ್ದಾರೆ, ಸಮಯ ಹಾಳು ಎಂದಿತು. ಕಡೆಯ ನಡೆಗೆ ಕೆಂಪು. ಆ ನಡೆಯ ಸಂದೇಶ ಚಿಕ್ಕದು: "ಶಹ. ವಜೀರನ್ನ ನಿನ್ನ ರಾಜನ ಮಗ್ಗಲಿಗಿ ತಂದೀನಿ. ತಿನ್ನಂಗಿದ್ರ ತಿನ್ನು." ನನ್ನ ಆನೆ ಆ ವಜೀರನನ್ನು ಸುಮ್ಮನೆ ಎತ್ತಿ ಹಾಕಬಹುದಿತ್ತು. ಅದನ್ನು ಬಿಟ್ಟು ನನಗೆ ಬೇರೆ ದಾರಿಯೂ ಇರಲಿಲ್ಲ. ಪಕ್ಕದ ಪಟ್ಟಿ ಪೂರ್ತಿ ಕಪ್ಪಾಯಿತು. 'ಅಕ್ಕ ಕಾರಣವಿಲ್ಲದೆ ಬಲವಾದ ಕಾಯಿ ಕಳೆದುಕೊಂಡರು' ಎಂದು ಬರೆಯಿತು. ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಹಾಗಾದರೆ ಭಾವನ ತಂಗಿ ಅಂದದ್ದೇ ನಿಜವಾಯಿತಲ್ಲ ಎಂದು ಅತ್ತೆ.

ಫೋನಿನಲ್ಲಿ ಹೇಳುವ ಮಾತಲ್ಲ. ಭಾನುವಾರ ರೈಲು ಹತ್ತಿದೆ. ಚಿತ್ತಾಪುರದ ಸ್ಟೇಷನ್ ಬಂದಾಗ ಕಿಟಕಿಯ ಕಡೆ ನೋಡಲಿಲ್ಲ. ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿಗೆ ಕಾಯುವಾಗ, ಸುಳ್ಳು ಹೇಳಿಬಿಡಲೇ ಎಂದು ಯೋಚಿಸಿದೆ. 'ಸರಿ ಆಡಿದ್ದಾಳೆ ಭಾವ' ಎಂದರೆ ಮುಗಿಯಿತು, ಅವರಿಗೆ ಆಟವೇ ಬರುವುದಿಲ್ಲ. ಆದರೆ ಆ ಮನುಷ್ಯನ ಮುಖ ನೋಡಿಕೊಂಡು ಹಾಗೆ ಹೇಳಲು ನನ್ನಿಂದಾದೀತೇ ಎಂಬುದು ತಿಳಿಯಲಿಲ್ಲ. ಅಷ್ಟರಲ್ಲಿ ಫೋನು ಗುಂಯ್ ಎಂದಿತು. ಅಕ್ಕ ನಿಮಗಾಗಿ ಕಾಯುತ್ತಿದ್ದಾರೆ.

ಮಧ್ಯಾಹ್ನ ಮನೆ ಮುಟ್ಟಿದೆ. ಪಡಸಾಲೆಯ ಮೂಲೆಯಲ್ಲಿ ಅಕ್ಕನ ಹಲಗೆ ಹಾಗೇ ಇತ್ತು. ಒಂದೇ ಕಲ್ಲಿನ ಚಪ್ಪಡಿ, ಭಾವನೇ ಮಾಡಿಕೊಟ್ಟದ್ದು. ಕಪ್ಪು ಮನೆಗಳಿಗೆ ಪಾಲಿಶ್ ಹೊಡೆದು, ಬಿಳಿ ಮನೆಗಳನ್ನು ಒರಟಾಗಿಯೇ ಬಿಟ್ಟಿದ್ದರು. ಅವಳು ಆಸ್ಪತ್ರೆಗೆ ಹೊರಟ ದಿನ ಕಾಯಿಗಳು ಎಲ್ಲಿದ್ದವೋ ಅಲ್ಲಿಯೇ ನಿಂತಿದ್ದವು. ಕಸ ಗುಡಿಸುವಾಗಲೂ ಯಾರೂ ಮುಟ್ಟಿರಲಿಲ್ಲ, ಸುತ್ತ ಧೂಳಿನ ಗೆರೆ ಎದ್ದಿತ್ತು.

"ಕುಂದ್ರು" ಎಂದರು ಭಾವ. "ನೋಡ್ದೇನು?"

ಹೂಂ ಎಂದೆ. "ಆಸ್ಪತ್ರ್ಯಾಗ ಆಡಿದ್ದು ಇದರ ಮ್ಯಾಲ ಇನ್ನಾ ಇಟ್ಟಿಲ್ಲರಿ. ಇಟ್ಟು ತೋರಸ್ತೀನಿ" ಎಂದು, ಹೊತ್ತು ದೂಡುವುದಕ್ಕಾಗಿ ಫೋನು ತೆಗೆದೆ. ಅಕ್ಕನ ದನಿ ಪಡಸಾಲೆಯಲ್ಲಿ ಎದ್ದಿತು. ಭಾವ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಅವಳು ಹೇಳಿದಂತೆ ನಾನು ಒಂದೊಂದೇ ಕಾಯಿ ಸರಿಸಿದೆ, ತಣ್ಣಗಿನ ಆ ಕಲ್ಲಿನ ಮೇಲೆ. ಒಂಟಿ ಬಂತು, ಪ್ಯಾದಿ ಬಂತು. ಕಡೆಗೆ, ಶಹ, ವಜೀರ, ತಿನ್ನಂಗಿದ್ರ ತಿನ್ನು. ನನ್ನ ಆನೆಯಿಂದ ವಜೀರನನ್ನು ಎತ್ತಿದೆ. ಸಂದೇಶಗಳು ಮುಗಿದವು.

"ಈಗ ಯಾರದು ಸರತಿ?" ಎಂದರು ಭಾವ, ಕಣ್ಣು ತೆರೆಯದೆ.

"ಅಕ್ಕಂದು" ಎಂದೆ. ಹೇಳಿದ ಮೇಲೆ, ಆ ಮಾತಿಗೆ ಕಟ್ಟುಬಿದ್ದವಳ ಹಾಗೆ, ಅವಳ ಕಡೆಯಿಂದ ಹಲಗೆ ನೋಡಿದೆ. ಅಕ್ಕನ ರಾಜ ತನ್ನದೇ ಕಾಯಿಗಳ ನಡುವೆ ಸಿಕ್ಕಿಕೊಂಡಿದ್ದ. ಅವನ ಎದುರಿನ ಒಂದು ಮನೆ ಖಾಲಿ, ಅದಕ್ಕೆ ನನ್ನ ಪ್ಯಾದಿಯ ಕಾವಲು. ಒಂದು ಹೆಜ್ಜೆ ಇಡಲೂ ಜಾಗವಿಲ್ಲ. ಅವನ ಬೆನ್ನ ಹಿಂದೆ ಅವಳ ಆನೆ. ರಾಜನೊಬ್ಬ ಅಡ್ಡ ಇಲ್ಲದಿದ್ದರೆ ಆ ಆನೆಗೂ ನನ್ನ ರಾಜನಿಗೂ ನಡುವೆ ಯಾರೂ ಇಲ್ಲ. ಅಡ್ಡ ಬಂದು ಕಾಯಬೇಕಿದ್ದ ನನ್ನ ಆನೆಯನ್ನು ಈಗಷ್ಟೇ ವಜೀರನ ಕಡೆ ಎಳೆದುಕೊಂಡು ಹೋಗಿದ್ದಳು.

ಅವಳ ರಾಜ ಇಡೀ ಆಟದಲ್ಲಿ ಒಮ್ಮೆಯೂ ಶಹ ತಿಂದಿರಲಿಲ್ಲ.

ರಾಜನನ್ನು ಎತ್ತಿ, ಕುದುರೆಯ ಹಾಗೆ, ಅವನ ಕಾಯಿಗಳ ತಲೆಯ ಮೇಲಿಂದ ಆಚೆ ಇಟ್ಟೆ. ಆನೆಯ ದಾರಿ ತೆರೆಯಿತು. ನನ್ನ ರಾಜನಿಗೆ ಶಹ, ಓಡಲು ಮನೆಯಿಲ್ಲ, ತಡೆಯಲು ಕಾಯಿಯಿಲ್ಲ. ಮಾತ್. ಆ ಹಳದಿ ಗುರುತಿನ ನಡೆಗಳೆಲ್ಲ ರಾಜನಿಗೆ ಒಂದು ಶಹವೂ ತಾಕದಂತೆ ಕಾದ ನಡೆಗಳು. ವಾರಗಟ್ಟಲೆ ಆ ಒಂದು ಜಿಗಿತವನ್ನು ಉಳಿಸಿಕೊಂಡು ಬಂದಿದ್ದಳು, ಹಲಗೆಯಿಲ್ಲದೆ, ನೋವಿನಲ್ಲಿ. ಯಂತ್ರಕ್ಕೆ ಅಪ್ಪನ ಕಾನೂನು ಗೊತ್ತಿರಲಿಲ್ಲ. ಅದು ತಕರಾರು ಮಾಡಲಿಲ್ಲವೆಂದು ನಾನೂ ಮರೆತು ಕೂತಿದ್ದೆ.

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ಭಾವ, ಗೆದ್ದಾಳ್ರಿ! ಆಕಿ ತಲಿ ಆ ಮುಂಜಾನಿ ನನ್ನ ತಲಿಕಿಂತ ನೆಟ್ಟಗಿತ್ತು. ಎಲ್ಲಾ ಲೆಕ್ಕ ಹಾಕಿ ಇಟ್ಟಾಳ. ನೀವು ಮಾಡಿದ್ದು ಸರಿ ಅದರಿ. ಯಾರ್ ಏನ್ ಅಂದ್ರೂ ಕೇಳಬ್ಯಾಡ್ರಿ" ಎಂದು ಬಡಬಡಿಸಿದೆ. ಸೋತ ನನ್ನ ರಾಜನನ್ನು ಕಲ್ಲಿನ ಮೇಲೆ ಮಲಗಿಸಿದೆ. ಅವರ ಮುಖ ಹಗುರಾಗುವುದನ್ನು ನೋಡಬೇಕೆಂದು ತಲೆ ಎತ್ತಿದೆ.

ಭಾವ ಹಲಗೆಯನ್ನೇ ನೋಡುತ್ತಿದ್ದರು. ಮುಖ ಹಗುರಾಗಿರಲಿಲ್ಲ.

"ಎಲ್ಲಾ ಗೊತ್ತಿತ್ತು ಹಂಗಾದ್ರ ಆಕಿಗಿ" ಎಂದರು. "ಮನ್ಯಾಗ ಆರಾಮ ಆಗ್ತೀನಿ ಅಂದಿದ್ಲು. ಗೊತ್ತಿದ್ದೂ ಅಂದಾಳ. ನನಗಾಗಿ ಅಂದಾಳ."

ನಾನು ಇದನ್ನು ಯೋಚಿಸಿರಲಿಲ್ಲ. ರೈಲಿನಲ್ಲಿ ಅಷ್ಟು ಹೊತ್ತು ಕೂತರೂ ಯೋಚಿಸಿರಲಿಲ್ಲ. ಅವರು ಕೈ ಚಾಚಿ, ಜಿಗಿದು ನಿಂತಿದ್ದ ಅಕ್ಕನ ರಾಜನ ತಲೆಯ ಮೇಲೆ ಬೆರಳಿಟ್ಟರು, ಹಾಗೇ ಹಿಡಿದುಕೊಂಡರು.

"ನಾ ಖರೇ ಅಂತ ನಂಬಿದ್ದೆ" ಎಂದರು. "ಆಸ್ಪತ್ರ್ಯಾಗಿಂದ ಬರೂ ಮುಂದ ದಾರ್ಯಾಗ ನಿಂತು, ಆಕಿಗಿ ಇಷ್ಟ ಅಂತ ಪೇರಲಹಣ್ಣು ತಗೊಂಡಿದ್ದೆ."