ಜೈಲಿನೊಳಗೊಂದು ತಾಳಮದ್ದಲೆ

ಜೈಲಿನಲ್ಲಿರುವವರನ್ನು ನೋಡಲು ಹೋಗುವಾಗ ಏನು ಒಯ್ಯಬೇಕು? ನಾನು ಕರವಸ್ತ್ರ ಒಯ್ದಿದ್ದೆ. (ಅಳುವವಳು ನಾನೇ. ಸಣ್ಣದಕ್ಕೂ ಕಣ್ಣು ತುಂಬುವ ಜಾತಿ ನನ್ನದು.)

ಒಳಗಿದ್ದವರು ಸಿದ್ದಾಪುರದ ನಮ್ಮ ಭಾಗೀರಥಿ ಅತ್ತಿಗೆ. ಬೆಟ್ಟ ಬಗೆಯಲು ಬಂದ ಜೆಸಿಬಿ ಎದುರು ಚಾಪೆ ಹಾಸಿ ಕುಳಿತದ್ದಕ್ಕೆ ಅರೆಸ್ಟ್. ಜೊತೆಗೆ ಆ ಬೆಟ್ಟದ ಬುಡದ ಊರಿನ, ಯಲ್ಲಾಪುರದ ಕಾಲೇಜು ಹುಡುಗಿ ನಂದಿನಿ. ಮತ್ತೆ ಆ ಬೆಟ್ಟಕ್ಕೆ ಕಾಲಿಡುವುದಿಲ್ಲ ಎಂದು ಒಪ್ಪಿದರೆ ಜಾಮೀನು ಎಂದರಂತೆ ಕೋರ್ಟಿನಲ್ಲಿ. ಇಬ್ಬರೂ ಒಪ್ಪಲಿಲ್ಲ.

ಕಂಬಿಯಾಚೆ ಅತ್ತಿಗೆ ಬಂದರು. ಗಂಟಲು ಪೂರ್ತಿ ಕಟ್ಟಿತ್ತು.

"ಅತ್ತು ಅತ್ತು ಹಿಂಗಾತಾ ಅತ್ಗೆ?"

"ಅಳೂಲೆ ಪುರ್ಸೊತ್ತು ಎಲ್ಲಿದ್ದೇ ಮಾರಾಯ್ತಿ? ನಿನ್ನೆ ಅರ್ಥ ಹೇಳಿದ್ದು ಜಾಸ್ತಿ ಆತು!"

ತಾಳಮದ್ದಲೆ! ಯಕ್ಷಗಾನದ್ದೇ ಕಥೆ, ಆದರೆ ವೇಷವಿಲ್ಲ, ಕುಣಿತವಿಲ್ಲ, ಪಾತ್ರವಾಗಿ ಕುಳಿತಲ್ಲೇ ಅರ್ಥ ಹೇಳುವ ಮಾತಿನ ಯುದ್ಧ. ಅತ್ತಿಗೆ ಅದರಲ್ಲಿ ಎತ್ತಿದ ಕೈ. ಆದರೆ ಜೈಲಿನಲ್ಲಿ?

ನಂದಿನಿ ಒಳಗೆ ಹೋದಂದಿನಿಂದ ಬಾಯಿ ಬಿಟ್ಟಿರಲಿಲ್ಲವಂತೆ, ಊಟಕ್ಕೂ. "ಕೂಸು ಸೋತು ಒಪ್ಕಂಡ್ಬುಟ್ರೆ ಎಂತ ಮಾಡವು ಹೇಳಿ ಹೆದ್ರಿಕೆ ಆಗಿತ್ತು" ಎಂದರು. ಸಮಾಧಾನ ಹೇಳಿದಷ್ಟೂ ಅಳು. ಕೊನೆಗೆ ಅತ್ತಿಗೆ ಸ್ವಂತ ಪ್ರಸಂಗವೊಂದನ್ನು ಕಟ್ಟಿದರು. ತಾವು ಬೆಟ್ಟ ಬಗೆಯುವ ದೊರೆ, ನಂದಿನಿಯೇ ಬೆಟ್ಟ. ಬನವಾಸಿ ಕಡೆಯ ಕೈದಿಯೊಬ್ಬಳು ಬಕೆಟ್ ಬೋರಲು ಹಾಕಿ ಮದ್ದಲೆ ಮಾಡಿಕೊಂಡಳು. ಎದುರಿನವರು ಪ್ರಶ್ನೆ ಹಾಕಿದ ಮೇಲೆ ಸುಮ್ಮನೆ ಕೂರುವ ಹಾಗಿಲ್ಲ. ಅದು ಆಟದ ಮರ್ಯಾದೆ.

ದೊರೆ ಗುಡುಗಿದ. "ಎಲೈ ಬೆಟ್ಟವೇ, ನೀನಿದ್ದು ಯಾರಿಗೇನು ಉಪಕಾರ?"

ಬಕೆಟ್ಟಿನವಳಿಗೇ ತಡೆಯಲಾಗಲಿಲ್ಲ. "ಏ ತಂಗಿ, ಬೆಟ್ಟದ ಮಾನ ಹೋಗ್ತೈತಿ, ಉತ್ತರಾ ಕೊಡವಾ!"

"ನಿನ್ನ ಬಾವಿಗೆ ನೀರು ಎಲ್ಲಿಂದ ಬಂತು ದೊರೆಯೇ?" ಎಂದಳು ನಂದಿನಿ. ಆಮೇಲೆ ನಿಲ್ಲಲೇ ಇಲ್ಲ. ಹದ ತಪ್ಪಿದ ಮಳೆ, ಸುಡುವ ಬೇಸಿಗೆ, ಎಲ್ಲದಕ್ಕೂ ದೊರೆಯಿಂದ ಲೆಕ್ಕ ಕೇಳಿದಳು. ದೊರೆ ಸೋತ. ಬೆಟ್ಟ ಹೊಟ್ಟೆ ತುಂಬ ಉಂಡಿತು. ಅಲ್ಲಿಂದ ದಿನಾ ಸಂಜೆ ಪ್ರಸಂಗ. ಕಾವಲಿನ ಮೇಡಂ ಮುಂದಿನ ಸಾಲಿನಲ್ಲಿ!

ಮೊನ್ನೆ ಕೋರ್ಟಿಗೆ ನಾನೂ ಹೋಗಿದ್ದೆ. "ಬೆಟ್ಟಕ್ಕೆ ಹೋಗುವುದಿಲ್ಲ ಅಂತ ಒಪ್ಪುತ್ತೀಯಾ?" ನ್ಯಾಯಾಧೀಶರು ಕೇಳಿದರು.

ನಂದಿನಿ ಕೈಮುಗಿದಳು. "ಸ್ವಾಮಿ, ನಮ್ಮೂರಿನ ಕುಡಿಯೋ ನೀರು ಹುಟ್ಟೋದೇ ಅಲ್ಲಿ. ನಮ್ಮನೆ ದಾರಿಯೂ ಅದೇ. ಹೋಗದೆ ಹೇಗಿರಲಿ, ನೀವೇ ಹೇಳಿ."

ನ್ಯಾಯಾಧೀಶರು ಸರ್ಕಾರಿ ವಕೀಲರತ್ತ ನೋಡಿ ಪೆನ್ನು ತೆಗೆದರು. ಆ ಷರತ್ತಿಲ್ಲದೆಯೇ ಇಬ್ಬರಿಗೂ ಜಾಮೀನು! ಕರವಸ್ತ್ರ ಕೊನೆಗೂ ಕೆಲಸಕ್ಕೆ ಬಂತು. (ಖುಷಿಗೂ ಅಳು ಬರುತ್ತದೆ, ಏನು ಮಾಡಲಿ?)

ಅಲ್ಲ, ಬಾಯಿ ಮುಚ್ಚಿಸಬೇಕು ಅಂತಿದ್ದರೆ, ತಾಳಮದ್ದಲೆಯವರನ್ನು ಯಾರಾದರೂ ಮಾತು ಬಿಟ್ಟರೆ ಬೇರೆ ಕೆಲಸವಿಲ್ಲದ ಜಾಗದಲ್ಲಿ ಕೂಡಿಹಾಕುತ್ತಾರಾ?