ಗುರುತು ಬೀಳದ ಮೈ

ಬ್ಲಾಜೆನಾ ಎಂದರೆ ನನಗೆ ಹೊಟ್ಟೆಯುರಿ. ಮುಚ್ಚುಮರೆ ಏಕೆ? ಪ್ರಾಗಿನ ಜಿಜ್ಕೊವ್ ಕೇರಿಯ ನಮ್ಮ ವಠಾರದಲ್ಲಿ ಅವಳು ಮೆಟ್ಟಿಲಿಳಿದಳೆಂದರೆ ನನ್ನ ಗಂಡನಿಗೆ ಥಟ್ಟನೆ ನಲ್ಲಿ ನೀರು ತರುವುದು ನೆನಪಾಗುತ್ತಿತ್ತು. ಅವಳು ಫೋಟೋಗ್ರಾಫರ್ ಹೊರಾಲೆಕ್ ಸಾಹೇಬರ ಸ್ಟುಡಿಯೋದಲ್ಲಿ ಬತ್ತಲೆ ನಿಲ್ಲುವವಳು. ಆಳೆತ್ತರದ ಮರದ ಬಳೆ, ಚೌಕ, ಅಲೆಯಂತೆ ಕೊರೆದ ಹಲಗೆ, ಇವುಗಳ ನಡುವೆ ಅವಳು ಬಾಗಬೇಕು, ನೆರಳು ಬೀಳಬೇಕು. ಅದೇ ಹೊಸ ಕಲೆಯಂತೆ!

ಫೋಟೋ ತೆಗೆಯುವ ದಿನ ಬಿಗಿಯಾದದ್ದೇನೂ ತೊಡುವಂತಿಲ್ಲ; ಚರ್ಮದ ಮೇಲೆ ಎಲಾಸ್ಟಿಕ್ಕಿನ ಗುರುತು ಉಳಿದರೆ ಚಿತ್ರ ಕೆಟ್ಟಂತೆ. ಹಿಮ ಸುರಿಯುವಾಗಲೂ ಪುಣ್ಯಾತ್ಗಿತ್ತಿ ಜಾರುವ ಕಾಲುಚೀಲವನ್ನು ಕೋಟಿನ ಮೇಲಿಂದಲೇ ಹಿಡಿದುಕೊಂಡು ಟ್ರಾಮಿಗೆ ಓಡುತ್ತಿದ್ದಳು.

"ಕಾಲುಚೀಲಕ್ಕೆ ಎಲಾಸ್ಟಿಕ್ ಪಟ್ಟಿ ಕಟ್ಕೊಳ್ಳೇ ಹುಚ್ಚಿ, ನೆಗಡಿ ಬಂದು ಸಾಯ್ತೀಯ," ಎಂದರೆ, "ನಿಂಗೇನು ಗೊತ್ತು ಟೋನ್ಚಕ್ಕ, ನಾನಿಲ್ದೆ ಸಾಹೇಬ್ರಿಗೆ ಕೈಯೇ ಓಡಲ್ಲ," ಎನ್ನುವಳು. ಏನು ಜಂಬ!

ಸಾವಿರದ ಒಂಬೈನೂರ ಇಪ್ಪತ್ತೊಂಬತ್ತರ ಚಳಿಗಾಲದಲ್ಲಿ ಸಾಹೇಬರು ಅವಳನ್ನು ಕರೆಯುವುದು ಕಡಿಮೆಯಾಯಿತು. ಒಂದು ಭಾನುವಾರ ನಾವಿಬ್ಬರೂ ಹೋಗುತ್ತಿದ್ದಾಗ ಸ್ಟುಡಿಯೋದ ಹೊರಗಿನ ಗಾಜಿನ ಪೆಟ್ಟಿಗೆಯಲ್ಲಿ ಹೊಸ ಚಿತ್ರ ಕಂಡಿತು. ಅದೇ ಬಳೆ, ಅದೇ ಹಲಗೆ. ನಡುವೆ ಬೆಳಕಿಗೆ ಬೆನ್ನುಹಾಕಿ ನಿಂತ ಯಾವಳೋ ಉದ್ದ ಕಾಲಿನವಳು, ಹೊಟ್ಟೆಯೇ ಇಲ್ಲದವಳು. ಬ್ಲಾಜೆನಾಳ ಮುಖ ಕಪ್ಪಿಟ್ಟಿತು. ನನಗೆ, ಸುಳ್ಳೇಕೆ, ಹಾಲು ಕುಡಿದಷ್ಟು ಸಂತೋಷವಾಯಿತು.

"ಯಾವಳವಳು? ಜುಟ್ಟು ಹಿಡಿದು ಕೇಳ್ತೀನಿ, ಬಾ," ಎಂದು ಮರುದಿನ ನನ್ನನ್ನೂ ಎಳೆದುಕೊಂಡು ಹೋದಳು.

ಸಾಹೇಬರು ನಕ್ಕು ಪರದೆ ಸರಿಸಿದರು. ತೆಳು ಹಲಗೆಯಲ್ಲಿ ಕೊರೆದ ಹೆಣ್ಣಿನ ಆಕಾರವೊಂದು ಗೋಡೆಗೆ ಒರಗಿ ನಿಂತಿತ್ತು.

"ಇದು ನೀನೇ ಕಣಮ್ಮ. ಗೋಡೆ ಮೇಲಿನ ನಿನ್ನ ನೆರಳನ್ನೇ ಗೀಚ್ಕೊಂಡೆ. ಆಮೇಲೆ ಸೊಂಟ, ಹೊಟ್ಟೆ ಸ್ವಲ್ಪ ಉಜ್ಜಿದೆ, ಅಷ್ಟೆ. ಇವಳಿಗೆ ಚಳಿಯಿಲ್ಲ, ನಡುಕ ಇಲ್ಲ. ಇನ್ನು ನೀನು ಆರಾಮಾಗಿರು."

ಮುರಿದೇ ಹಾಕುತ್ತಾಳೆ ಅಂದುಕೊಂಡೆ. ಅವಳು ಉಜ್ಜಿದ ಅಂಚಿನ ಮೇಲೆ ಬೆರಳಾಡಿಸಿದಳು, ಆಮೇಲೆ ತನ್ನ ಸೊಂಟ ಮುಟ್ಟಿ ನೋಡಿಕೊಂಡಳು. ನನ್ನ ಹೊಟ್ಟೆಯುರಿ ಎಲ್ಲಿ ಹೋಯಿತೋ ಏನೋ. ಆ ಹಲಗೆ ಮೂಳಿಯ ಮೇಲೆ ನನಗೇ ಸಿಟ್ಟು ಬಂತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. "ನಿನ್ನ ಪಟ್ಟಿ ಬಿಚ್ಚಿ ಕೊಡಕ್ಕ," ಎಂದಳು. ಕೊಟ್ಟೆ, ನನ್ನ ಕಾಲುಚೀಲ ಪಾದಕ್ಕೆ ಜಾರಿತು. ಅವಳು ಲಂಗ ಎತ್ತಿ, ತೊಡೆ ಕೆಂಪಾಗುವಷ್ಟು ಬಿಗಿದು ಕಟ್ಟಿಕೊಂಡಳು.

"ಅಯ್ಯೋ, ಗುರುತು ಬೀಳತ್ತೆ ಕಣೇ!"

"ಬೀಳ್ಲಿ ಬಿಡು," ಎಂದು ಅತ್ತಳು. "ಆ ಹಲಗೆಯವಳಿಗೆ ಬೀಳತ್ತಾ, ಹೋಗಿ ಕೇಳು."