ಸೀರಿಯಲ್ಲಿನ ಕೋರ್ಟೂ ಮಲ್ಲಪ್ಪನ ಸಾಕ್ಷಿಯೂ

ಕೋವಿಡ್ ಹಾವಳಿ ತಗ್ಗಿ ಮುಂಬೈ ಕೋರ್ಟುಗಳ ಕಾರಿಡಾರುಗಳು ಮತ್ತೆ ಗಿಜಿಗುಡತೊಡಗಿದ ವರ್ಷ. ನಾನಾಗ ಉಪನಗರದ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್, ಅಂದರೆ ಪೊಲೀಸರು ತಂದ ಕೇಸುಗಳನ್ನು ಸರ್ಕಾರದ ಪರವಾಗಿ ನಡೆಸುವ ವಕೀಲೆ. ನಿವೃತ್ತಿ ಹತ್ತಿರವಿತ್ತು. ನಡೆಸಿದ ಕೇಸುಗಳಲ್ಲಿ ಬಹುಪಾಲು ಈಗ ನೆನಪಿಲ್ಲ. ಮಲ್ಲಪ್ಪನ ಕೇಸು ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ.

ಮಲ್ಲಪ್ಪ ವಿಜಯಪುರದ ಕಡೆಯ ಗೌಂಡಿ. ಹರೆಯದಲ್ಲೇ ಮುಂಬೈಗೆ ಬಂದು ಚೆಂಬೂರಿನ ಒಂದು ಚಾಳಿನಲ್ಲಿ, ಸಾಲು ಕೋಣೆಗಳಲ್ಲೊಂದನ್ನು ಹಿಡಿದು, ಸಂಸಾರ ಹೂಡಿದ್ದ. ಅವನು, ಹೆಂಡತಿ ಶಾಂತವ್ವ, ಮಗಳು ರೇಣುಕಾ ಮೂವರೂ ಒಂದೇ ಬಿಲ್ಡಿಂಗಿನ ಕೆಲಸಕ್ಕೆ ಹೋಗುತ್ತಿದ್ದರು. ಶಾಂತವ್ವ ಜ್ವರವೆಂದು ಮನೆಯಲ್ಲಿದ್ದ ಒಂದು ದಿನ, ಊಟದ ಹೊತ್ತಿಗೆ, ರೇಣುಕಾ ಆರನೇ ಮಹಡಿಯಿಂದ ಬಿದ್ದು ಸತ್ತಳು. ಪೊಲೀಸರು ಕಂಟ್ರಾಕ್ಟರನ ಮೇಲೆ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ಆರೋಪ ಹೊರಿಸಿದರು.

ಮೇಲಿನಿಂದ ಬಿದ್ದವರನ್ನು ಹಿಡಿಯಲು ಕಟ್ಟಡದ ಸುತ್ತ ಸೇಫ್ಟಿ ನೆಟ್ ಕಟ್ಟಬೇಕು. ಅದು ಅಂದು ಇತ್ತೇ, ಇಲ್ಲವೇ ಎನ್ನುವುದರ ಮೇಲೆ ಇಡೀ ಕೇಸು ನಿಂತಿತ್ತು. ಪೊಲೀಸರು ಬರುವಷ್ಟರಲ್ಲಿ ಅಲ್ಲಿ ಹೊಚ್ಚ ಹೊಸ ನೆಟ್ ತೂಗುತ್ತಿತ್ತು. ಅದನ್ನು ಆಮೇಲೆ ಕಟ್ಟಿದ್ದು ಎಂದು ಪೊಲೀಸರ ಮುಂದೆ ಹೇಳಿದ್ದ ಕೂಲಿಗಳು ಬೇರೆ ಬೇರೆ ಸೈಟುಗಳಿಗೆ ಚದುರಿಹೋಗಿ, ಸಮನ್ಸ್ ಕೊಡಲು ಒಬ್ಬರೂ ಸಿಗಲಿಲ್ಲ. ಉಳಿದವನು ಮಲ್ಲಪ್ಪನೊಬ್ಬನೇ. ಕಂಟ್ರಾಕ್ಟರ್ ಮಾತ್ರ ನೆಟ್ ಮೊದಲಿನಿಂದಲೂ ಇತ್ತು, ಹುಡುಗಿಯೇ ಮೈಮರೆತು ಅದರಾಚೆ ಬಿದ್ದಳು ಎಂದು ಪಟ್ಟು ಹಿಡಿದಿದ್ದ.

ಆ ಮಾತು ಶಾಂತವ್ವನನ್ನು ಸುಡುತ್ತಿತ್ತು. ಮೊದಲ ಭೇಟಿಯಲ್ಲೇ ಅವಳು ನನ್ನ ಕೈ ಹಿಡಿದುಕೊಂಡು, "ನಮಗ ಮತ್ತೇನೂ ಬ್ಯಾಡ್ರಿ ಬಾಯಾರ. ನನ್ನ ಮಗಳದು ತಪ್ಪಿಲ್ಲಂತ ಕೋರ್ಟ್ ಒಂದ ಮಾತ ಹೇಳ್ಲಿ" ಎಂದಳು.

ಸಾಕ್ಷಿಯ ದಿನ ಬೆಳಿಗ್ಗೆ ಮಲ್ಲಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಮೊದಲು ಎಂದಾದರೂ ಕೋರ್ಟ್ ನೋಡಿದ್ದೀಯಾ ಎಂದು ಕೇಳಿದೆ. "ಟಿವ್ಯಾಗ ನೋಡೇನ್ರಿ" ಎಂದ. ಈಗಿನ ಟಿವಿ ಕೋರ್ಟುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ವಕೀಲರು ಗಂಟಲು ಹರಿದುಕೊಳ್ಳುತ್ತಾರೆ, ಸಾಕ್ಷಿಯ ಮೂಗಿನ ಹತ್ತಿರ ಬೆರಳು ಆಡಿಸುತ್ತಾರೆ, ಜಡ್ಜು ಮಾತಿಗೊಮ್ಮೆ ಸುತ್ತಿಗೆ ಕುಟ್ಟುತ್ತಾರೆ. ನಮ್ಮ ಕೋರ್ಟಿನಲ್ಲಿ ಸುತ್ತಿಗೆಯ ಸದ್ದು ಕೇಳುವುದು ಬಡಗಿ ಕುರ್ಚಿ ರಿಪೇರಿಗೆ ಬಂದಾಗ ಮಾತ್ರ!

ಆದರೆ ಮಲ್ಲಪ್ಪ ನೋಡಿದ್ದು ಇವನ್ನಲ್ಲ. ಒಂದೇ ಚಾನೆಲ್ ಇದ್ದ ಕಾಲದ ಹಳೆಯ ಕೋರ್ಟ್ ಸೀರಿಯಲ್ಲನ್ನು ಅವನು ಚಾಳಿನ ಅಂಗಡಿಯೊಂದರ ಮುಂದೆ ನಿಂತು ನೋಡಿದ್ದ. ಅದನ್ನೇ ನಾನು ಸಯನ್ನಿನ ನಮ್ಮ ಫ್ಲ್ಯಾಟಿನಲ್ಲಿ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ನಾನು ಕಾನೂನು ಓದಿದ್ದಕ್ಕೆ ಆ ಸೀರಿಯಲ್ಲೇ ಕಾರಣ ಎಂದರೂ ತಪ್ಪಾಗದು. ಅದರಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು, ಸಾಕ್ಷಿಗಳು ತಡವರಿಸುತ್ತಿದ್ದರು, ಎದುರಾಳಿ ವಕೀಲರು ಹೊರಗೆ ಒಟ್ಟಿಗೆ ಚಹಾ ಕುಡಿಯುತ್ತಿದ್ದರು. ಟೈಪಿಸ್ಟಿನ ಬೆರಳು ಹಿಂದೆ ಬೀಳಬಾರದೆಂದು ಜಡ್ಜು ನಿಧಾನವಾಗಿ ಹೇಳಿ ಬರೆಸುತ್ತಿದ್ದರು. ವೃತ್ತಿಗೆ ಬಂದ ಮೇಲೆ, ಎಷ್ಟು ಸರಿಯಾಗಿ ತೋರಿಸಿದ್ದರಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಸೀರಿಯಲ್ಲಿನಲ್ಲಿ ಸಾಕ್ಷಿ ಹೇಳಿದ ಒಬ್ಬ ಮುದುಕ ಮಲ್ಲಪ್ಪನ ಮನಸ್ಸಿನಲ್ಲಿ ಕೂತಿದ್ದ. "ಅಂವ ನಾ ನೋಡಿಲ್ಲ ಅಂತ ಖರೇ ಹೇಳಿಬಿಟ್ಟ್ರಿ. ಜಡ್ಜ್ ಸಾಹೇಬ್ರು ಅವನ ಮಾತ ನಂಬಿದ್ರು" ಎಂದ. ಇಬ್ಬರೂ ಆ ಕಾಲವನ್ನು ನೆನೆದು ಸ್ವಲ್ಪ ಹೊತ್ತು ಖುಷಿಪಟ್ಟೆವು. ಅಷ್ಟರಲ್ಲಿ ನಮ್ಮ ಕೇಸಿನ ಕೂಗು ಬಿತ್ತು.

ಕಟಕಟೆಯಲ್ಲಿ ಮಲ್ಲಪ್ಪ ಮುಂಬೈ ಹಿಂದಿಯಲ್ಲಿ ಉತ್ತರಿಸುತ್ತಾ ಹೋದ. ಹೆಸರು, ಕೆಲಸ, ಮಗಳು ಯಾವ ಮಹಡಿಯಲ್ಲಿದ್ದಳು, ತಾನೆಲ್ಲಿದ್ದೆ. ಎಲ್ಲ ಸರಿಯಾಗಿತ್ತು. ಆಗ ನಾನು, ಬಿಲ್ಡಿಂಗಿಗೆ ನೆಟ್ ಕಟ್ಟಿತ್ತೇ ಎಂದು ಕೇಳಿದೆ. ಪೊಲೀಸರ ಮುಂದಿನ ಅವನ ಹೇಳಿಕೆಯಲ್ಲಿ ನೆಟ್ ಇರಲಿಲ್ಲ ಎಂದೇ ಇತ್ತು. ಅದನ್ನೇ ಹೇಳುತ್ತಾನೆಂದು ಕಾದೆ. ಮಲ್ಲಪ್ಪ ಹಿಂದಿ ಬಿಟ್ಟು ಕನ್ನಡಕ್ಕೆ ಇಳಿದ.

"ನೆಟ್ ಇತ್ತೋ ಇಲ್ಲೋ ನಾ ನೋಡಿಲ್ರಿ. ನಾ ಅಕಿ ಮಾರಿ ನೋಡಾಕತ್ತಿದ್ದೆ. ಮ್ಯಾಲಿಂದ ಬಗ್ಗಿ ನನ್ನ ಊಟಕ್ಕ ಕರಿಯಾಕತ್ತಿದ್ಲು. ನಗಾಕತ್ತಿದ್ಲು."

ಮ್ಯಾಜಿಸ್ಟ್ರೇಟರು ನನ್ನತ್ತ ತಿರುಗಿದರು. ಅಲ್ಲಿ ಕನ್ನಡ ಬಲ್ಲವರು ನಾವು ಮೂವರೇ: ಮಲ್ಲಪ್ಪ, ಹಿಂದಿನ ಬೆಂಚಿನಲ್ಲಿದ್ದ ಶಾಂತವ್ವ, ನಾನು. ಬೇರೆ ದುಭಾಷಿಯನ್ನು ಕರೆಸಬೇಕೆಂದರೆ ಇನ್ನೊಂದು ತಾರೀಖು. ಆರೋಪಿಯ ವಕೀಲರು ಹಿರಿಯರು, ಎದ್ದು ನಿಂತು, "ಮೇಡಮ್ ಜೋ ಬತಾಯೇಂಗೀ, ಮುಝೇ ಮಂಜೂರ್ ಹೈ" ಎಂದರು. ನಾನು ಹೇಳಿದ್ದನ್ನು ಒಪ್ಪುತ್ತಾರಂತೆ. ನೆಟ್ ಇರಲಿಲ್ಲವಂತೆ ಎಂದು ನಾನು ಒಂದೇ ವಾಕ್ಯ ಹೇಳಿದ್ದರೆ ಕೇಳುವವರು ಯಾರೂ ಇರಲಿಲ್ಲ. ಹಾಗೆ ಹೇಳುವ ಆಸೆ ಬರಲಿಲ್ಲ ಎಂದರೆ ಸುಳ್ಳಾದೀತು. ಮಲ್ಲಪ್ಪ ಹೇಳಿದ್ದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.

ನಮ್ಮಲ್ಲಿ ಸಾಕ್ಷಿ ಆಡಿದ್ದೆಲ್ಲ ದಾಖಲೆಗೆ ಹೋಗುವುದಿಲ್ಲ. ಮ್ಯಾಜಿಸ್ಟ್ರೇಟರು ಅದನ್ನು ಸೋಸಿ ತಮ್ಮ ಮಾತಿನಲ್ಲಿ ಬರೆಸುತ್ತಾರೆ. ನೆಟ್ ಇತ್ತೇ ಎಂಬುದನ್ನು ನೋಡಿಲ್ಲ, ಮೃತೆ ಅಂಚಿನಿಂದ ಬಗ್ಗಿ ನನ್ನನ್ನು ಕರೆಯುತ್ತಿದ್ದಳು ಎಂದು ಬರೆಸಿ ನಿಲ್ಲಿಸಿದರು.

"ನಗುತ್ತಿದ್ದಳು ಎಂಬುದೂ ಇದೆ ಸರ್" ಎಂದೆ.

"ಅದು ಪ್ರಸ್ತುತವಲ್ಲ ಮೇಡಮ್" ಎಂದರು. ಮೆತ್ತಗೇ ಹೇಳಿದರು. ಆಮೇಲೆ, ಸಾಕ್ಷಿಯನ್ನು ಹೋಸ್ಟೈಲ್ ಎನ್ನುತ್ತೀರಾ ಎಂದು ಕೇಳಿದರು. ಹಾಗೆಂದರೆ ಸಾಕ್ಷಿ ನಮಗೆ ತಿರುಗಿಬಿದ್ದಿದ್ದಾನೆಂದು ಸಾರಿ, ನಮ್ಮ ಸಾಕ್ಷಿಯನ್ನು ನಾವೇ ಜಗ್ಗಾಡುವುದು. ಪೊಲೀಸ್ ಹೇಳಿಕೆಯನ್ನು ಮುಖಕ್ಕೆ ಹಿಡಿದು, ಕಂಟ್ರಾಕ್ಟರನ ಜೊತೆ ಸೇರಿಕೊಂಡಿದ್ದೀಯಾ ಎಂದು ಆ ಅಪ್ಪನನ್ನು ಕೇಳಬೇಕು. ಪೊಲೀಸರ ಮುಂದಿನ ಹೇಳಿಕೆ ಕೋರ್ಟಿನಲ್ಲಿ ಪುರಾವೆಯಾಗದು, ಕೇಳಿದರೂ ಕೇಸಿಗೆ ಏನೂ ಸಿಗುತ್ತಿರಲಿಲ್ಲ.

"ಇಲ್ಲ ಸರ್" ಎಂದು ಕೂತೆ.

ಹೊರಗೆ ಬಂದ ಮೇಲೆ, ಬಗ್ಗಿ ಕರೆದಳೆಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಮಲ್ಲಪ್ಪನನ್ನು ಕೇಳಿದೆ. ಶಾಂತವ್ವ ನೀರು ತರಲು ಹೋಗಿದ್ದಳು. ಅವಳು ಹೋದ ಕಡೆಯೇ ನೋಡುತ್ತಾ, "ನನ್ನ ಕರಿಯಾಕ ಹೋಗಿ ಬಿದ್ಲು ಅಂತ ಇಕಿಗೆ ಹೆಂಗ ಹೇಳ್ಲಿ ಬಾಯಾರ? ನೆಟ್ ಇರಲಿಲ್ಲ ಅಂತ ಪೊಲೀಸರ ಮುಂದ ಎಲ್ಲಾರೂ ಹೇಳಿದಂಗ ನಾನೂ ಹೇಳಿದ್ದೆ. ಕಟಕಟ್ಯಾಗ ನಿಂತ ಮ್ಯಾಲೆ ಮುಚ್ಚಾಕ ಆಗಲಿಲ್ಲ" ಎಂದ. ನನಗೆ ಅಳು ಬಂತು. ವಕೀಲಿಕೆಯ ಕರಿಕೋಟು ತೊಟ್ಟು ಕಾರಿಡಾರಿನಲ್ಲಿ ಅಳಬಾರದೆಂದು ಗೋಡೆಯತ್ತ ತಿರುಗಿ ನಿಂತೆ.

ತೀರ್ಪು ನಾನು ಊಹಿಸಿದ ಹಾಗೆಯೇ ಬಂತು. ನೆಟ್ ಇರಲಿಲ್ಲವೆಂದು ಸಾಬೀತಾಗಿಲ್ಲ, ಆದ್ದರಿಂದ ಸಂಶಯದ ಲಾಭ ಆರೋಪಿಗೆ, ಬಿಡುಗಡೆ. ಮೃತೆ ಅಂಚಿನಿಂದ ಬಗ್ಗಿದ್ದಳೆಂದು ಆಕೆಯ ತಂದೆಯೇ ಒಪ್ಪಿದ್ದಾನೆ ಎಂಬ ವಾಕ್ಯವೂ ಅದರಲ್ಲಿತ್ತು. ಬಗ್ಗಿದ ಹುಡುಗಿಯನ್ನು ಹಿಡಿಯಲೆಂದೇ ನೆಟ್ ಇರುವುದು ಎಂದು ನಾನು ವಾದಿಸಿದ್ದೆ. ವಾದದಲ್ಲಿ ತಪ್ಪಿರಲಿಲ್ಲ. ಪುರಾವೆ ಇರಲಿಲ್ಲ. ಅಪೀಲಿಗೆ ಬರೆದು ಕಳಿಸಿದೆ, ಮೇಲಿನವರು ಬೇಡವೆಂದರು. ಹಳೆಯ ಸೀರಿಯಲ್ಲಿನಲ್ಲಿ ಖರೇ ಹೇಳಿದ ಸಾಕ್ಷಿ ಒಮ್ಮೆಯೂ ಸೋತಿರಲಿಲ್ಲ. ಕೋರ್ಟನ್ನು ಅಷ್ಟು ಸರಿಯಾಗಿ ತೋರಿಸಿದವರು ಇದೊಂದನ್ನು ತೋರಿಸಿರಲಿಲ್ಲ ಎಂದು ನನಗೆ ಹೊಳೆದದ್ದು ಅಂದೇ.

ಶಾಂತವ್ವ ಗಂಡನ ಮೇಲೆ ಹರಿಹಾಯುತ್ತಾಳೆಂದು ಹೆದರಿದ್ದೆ. ಅವಳು ಬೈಯಲಿಲ್ಲ. ಅವನನ್ನು ಬೆಂಚಿನ ಮೇಲೆ ಕೂರಿಸಿ ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು.

"ಅಕಿ ನಗಾಕತ್ತಿದ್ಲು ಅಂತ ಇಂವ ಅವತ್ತ ಕೋರ್ಟಿನ್ಯಾಗ ಹೇಳಿದ್ನಲ್ರಿ. ಅಲ್ಲೀತನಕ ನನಗ ಗೊತ್ತಿರಲಿಲ್ಲ. ಅದನ್ನ ಬರಕೊಂಡಾರೇನ್ರಿ?"

"ಇಲ್ಲಮ್ಮ" ಎಂದೆ.

ಅದಾದ ಮೇಲೂ ನಿವೃತ್ತಿಯವರೆಗೆ ಹಲವು ಸಾಕ್ಷಿಗಳನ್ನು ಕಟಕಟೆಗೆ ಕಳಿಸಿದೆ. ಎಲ್ಲರಿಗೂ ಸತ್ಯ ಹೇಳಿ ಎಂದೇ ಹೇಳಿದೆ, ಹೇಳಿದರೆ ಒಳ್ಳೆಯದಾಗುತ್ತದೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಸತ್ಯ ಹೇಳಿ ಎನ್ನುವುದು ನಮ್ಮ ವೃತ್ತಿಗೆ ಸುಲಭ. ಹೇಳಿದ ಮೇಲೆ ಅದನ್ನು ಮನೆಗೆ ಕರೆದುಕೊಂಡು ಹೋಗಿ, ಅದರ ಜೊತೆ ಒಂದೇ ಕೋಣೆಯಲ್ಲಿ ಬಾಳಬೇಕಾದವರು ಅವರು.